ಬಿಲ್ಲೆ ಇಲ್ಲದ ಟೊಪ್ಪಿಗೆ

ನಮ್ಮ ಸೀಮೆಯ ಒಂದು ಸಣ್ಣ ಮ್ಯೂಸಿಯಮ್ಮಿನಲ್ಲಿ ವೀರಗಲ್ಲು, ತಾಮ್ರಪಟ, ತುಕ್ಕು ತಿಂದ ಕತ್ತಿಗಳೆಲ್ಲ ಮುಗಿದ ಮೇಲೆ ಮೂಲೆಯಲ್ಲೊಂದು ಗಾಜಿನ ಕಪಾಟು ಇದೆ. ಅದರೊಳಗೆ ಒಂದು ಖಾಕಿ ಕೋಟು, ಒಂದು ಖಾಕಿ ಚಡ್ಡಿ, ಕಾಲಿಗೆ ಸುತ್ತುವ ಪಟ್ಟಿ, ಒಂದು ಟೊಪ್ಪಿಗೆ. ಚೀಟಿಯ ಮೇಲೆ ಬರೆದದ್ದು ಇಷ್ಟೇ: ಸೈನಿಕನ ಸಮವಸ್ತ್ರ, ಎರಡನೆಯ ಮಹಾಯುದ್ಧ. ಪಕ್ಕದ ಕಪಾಟಿನಲ್ಲಿ ಒಬ್ಬ ದೇಸಾಯಿಯವರ ಅಡಕೊತ್ತು ಇದೆ. ಅದಕ್ಕೆ ದೇಸಾಯಿಯವರ ಹೆಸರಿದೆ, ಅವರ ತಂದೆಯ ಹೆಸರಿದೆ, ವಾಡೆ ಇದ್ದ ಊರಿನ ಹೆಸರಿದೆ. ಅಡಿಕೆ ಕತ್ತರಿಸಿದ ಕಬ್ಬಿಣಕ್ಕೂ ವಂಶಾವಳಿ ಉಂಟು. ಯುದ್ಧಕ್ಕೆ ಹೋಗಿ ಬಂದ ಬಟ್ಟೆಗೆ ಇಲ್ಲ.

ನಾವು ಟೊಪ್ಪಿಗೆಯ ಮುಂದೆ ಬಹಳ ಹೊತ್ತು ನಿಂತೆವು. ಅದರ ಒಂದು ಬದಿಗೆ ಎರಡು ಸಣ್ಣ ತೂತು. ಬಣ್ಣ ಹೋದ ಬಟ್ಟೆಯಲ್ಲಿ ಆ ತೂತುಗಳ ಸುತ್ತ ಮಾತ್ರ ಅಂಗೈಯ ಕುಳಿಯಷ್ಟು ಜಾಗ ಇನ್ನೂ ಗಾಢವಾಗಿದೆ. ಅಲ್ಲಿ ಒಂದು ಬಿಲ್ಲೆ ಇತ್ತು. ಕಾವಲಿಗಿದ್ದವರನ್ನು ಕೇಳಿದೆವು, ಯಾವ ಪಲ್ಟಣದ್ದು ರೀ ಇದು?

'ಮಿಲ್ಟ್ರಿದು' ಅಂದರು.

'ಬಿಲ್ಲೆ ಏನಾತ್ರಿ?'

'ಮೊದಲಿಂದ ಹಿಂಗ ಐತ್ರಿ.'

ಅವರದೇನೂ ತಪ್ಪಿಲ್ಲ. ಅವರೂ ದಿನಗೂಲಿಯವರು. ಆದರೆ ಆ ಎರಡು ತೂತು ನಮ್ಮನ್ನು ಬಿಡಲಿಲ್ಲ. ಹೆಸರಿರುವ ಸೈನಿಕರೂ ನಮ್ಮ ನಾಡಿನಲ್ಲಿ ಇದ್ದಾರೆ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರು ಹುಟ್ಟಿದ ಮನೆ 'ಸನ್ನಿ ಸೈಡ್' 2021ರಲ್ಲಿ ಮ್ಯೂಸಿಯಂ ಆಯಿತು. ಆಗಲಿ, ದೊಡ್ಡ ಸೈನಿಕರು, ಆಗಬೇಕಾದದ್ದೇ. ಆದರೆ ಆ ಯುದ್ಧದಲ್ಲಿ ಹಿಂದೂಸ್ತಾನದ ಸೈನ್ಯ ಸುಮಾರು 25 ಲಕ್ಷಕ್ಕೆ ಏರಿತ್ತು. ಅಷ್ಟೂ ಜನ ಜನರಲ್ಲುಗಳಲ್ಲ. ಹೊಲ ಬಿಟ್ಟು, ಜೀತ ಬಿಟ್ಟು, ಹೊಟ್ಟೆಗೆ ಇಲ್ಲದೆ ಭರ್ತಿಯ ಸಾಲಿನಲ್ಲಿ ನಿಂತವರು. ಅವರೆಲ್ಲರಿಗೂ ಕೋಟು ಒಂದೇ. ಬಿಲ್ಲೆ ಬೇರೆ. ಮರಾಠಾ, ರಜಪೂತ, ಜಾಟ, ಸಿಖ್, ಡೋಗ್ರಾ ಎಂದು ಬಿಳಿಯರ ಸರಕಾರ ಪಲ್ಟಣಗಳಿಗೆ ಜಾತಿ-ಜನಾಂಗದ ಹೆಸರಿಟ್ಟಿತ್ತು. ಊರಲ್ಲಿ ಕೇರಿ ಹೇಗೋ, ಸೈನ್ಯದಲ್ಲಿ ಬಿಲ್ಲೆ ಹಾಗೆ. ಆದ್ದರಿಂದ ಟೊಪ್ಪಿಗೆಯಿಂದ ಬಿಲ್ಲೆ ಹೋದರೆ ಹೋದದ್ದು ತಗಡಿನ ಚೂರಲ್ಲ.

ಮೊದಲು ಬಟ್ಟೆಯ ಮಾತು ಆಡೋಣ. ಖಾಕ್ ಅಂದರೆ ಧೂಳು, ಮಣ್ಣು. ಫಾರಸಿಯಿಂದ ಬಂದ ಮಾತು. 1846ರಲ್ಲಿ ಪೇಶಾವರದಲ್ಲಿ ಹ್ಯಾರಿ ಲಮ್ಸ್‌ಡೆನ್ ಎಂಬ ಅಧಿಕಾರಿ ಗೈಡ್ಸ್ ಎಂಬ ಪಡೆ ಕಟ್ಟಿದ. ಕೆಂಪು ಕೋಟು ದೂರದಿಂದಲೇ ಶತ್ರುವಿಗೆ ಕಾಣುತ್ತದೆ ಎಂದು ಆ ಪಡೆಯ ಸಿಪಾಯಿಗಳಿಗೆ ಮಣ್ಣಿನ ಬಣ್ಣದ ಬಟ್ಟೆ ತೊಡಿಸಿದರು. ಇದಕ್ಕೆ ನಮ್ಮ ಕಡಲ ತೀರದ ಒಂದು ಎಳೆಯೂ ಸೇರಿಕೊಂಡಿದೆ. ಮಂಗಳೂರಿನ ಬಲ್ಮಠದಲ್ಲಿ ಬಾಸೆಲ್ ಮಿಶನ್ನಿನವರ ನೇಯ್ಗೆ ಕಾರ್ಖಾನೆ ಇತ್ತು. ಮತಾಂತರವಾದದ್ದಕ್ಕೆ ಜಾತಿಯವರು ಹೊರಗೆ ಹಾಕಿ, ಮನೆ-ಗದ್ದೆ-ಕಸುಬು ಕಳೆದುಕೊಂಡವರಿಗೆ ಕೆಲಸ ಬೇಕಲ್ಲ, ಅದಕ್ಕೇ ಕಟ್ಟಿದ ಕಾರ್ಖಾನೆಗಳವು. 1851ರಲ್ಲಿ ಯುರೋಪಿನಿಂದ ಬಂದ ಜಾನ್ ಹಾಲರ್ ಎಂಬ ನುರಿತ ನೇಕಾರ ಅಲ್ಲಿ ಖಾಕಿ ಬಣ್ಣ ಕಟ್ಟಿದ ಎಂದು ಮಿಶನ್ನಿನ ಚರಿತ್ರೆಗಳು ಹೇಳುತ್ತವೆ. ಮುಂದೆ ಲಾರ್ಡ್ ರಾಬರ್ಟ್ಸ್ ಆ ಕಾರ್ಖಾನೆ ನೋಡಿ, ಬಟ್ಟೆ ಮೆಚ್ಚಿ, ಸೈನ್ಯಕ್ಕೆ ತಕ್ಕದ್ದು ಎಂದು ಶಿಫಾರಸು ಮಾಡಿದ ಎಂದೂ ಅವೇ ಚರಿತ್ರೆಗಳು ಬರೆದುಕೊಂಡಿವೆ.

ಈ ರಾಬರ್ಟ್ಸ್ ಎಂಬ ಹೆಸರನ್ನು ನಾವು ನೆನಪಿಟ್ಟುಕೊಳ್ಳಬೇಕು. 1881ರಿಂದ 1885ರವರೆಗೆ ಮದ್ರಾಸ್ ಸೈನ್ಯದ ದಂಡನಾಯಕ. ಆಮೇಲೆ 1893ರವರೆಗೆ ಇಡೀ ಹಿಂದೂಸ್ತಾನದ ಸೈನ್ಯದ ದಂಡನಾಯಕ. ಕೆಲವು ಜನಾಂಗಗಳು ಹುಟ್ಟಿನಿಂದಲೇ ವೀರರು, ಉಳಿದವು ಯುದ್ಧಕ್ಕೆ ನಾಲಾಯಕ್ಕು, ದಕ್ಷಿಣದವರು ಮೆತ್ತಗಾಗಿದ್ದಾರೆ, ಉತ್ತರದವರನ್ನೇ ತುಂಬಿಸಿರಿ ಎಂಬ ಸಿದ್ಧಾಂತಕ್ಕೆ ಬಲ ತುಂಬಿದವನು ಇವನೇ. ಹುಟ್ಟಿನಿಂದ ಗುಣ ಎಂಬುದನ್ನು ನಮಗೆ ಮನು ಎಂದೋ ಹೇಳಿಕೊಟ್ಟಿದ್ದ. ರಾಬರ್ಟ್ಸ್ ಸಾಹೇಬ ಅದಕ್ಕೆ ಬೂಟು ಹಾಕಿಸಿದ. ಬಟ್ಟೆ ಪಾಸಾಯಿತು, ಬಟ್ಟೆಯೊಳಗಿದ್ದ ಮನುಷ್ಯ ನಪಾಸಾದ.

ಆವರೆಗೆ ಮುಂಬಯಿ ಸೈನ್ಯದಲ್ಲಿ ಮಹಾರರು ದೊಡ್ಡ ಸಂಖ್ಯೆಯಲ್ಲಿದ್ದರು. 1818ರ ಜನವರಿ 1ರಂದು ಭೀಮಾ ನದಿಯ ದಂಡೆಯ ಕೋರೆಗಾಂವದಲ್ಲಿ ಪೇಶ್ವೆಯ ದಂಡಿನೆದುರು ನಿಂತ ಕಂಪನಿಯ ಪಲ್ಟಣದಲ್ಲಿ ಅವರಿದ್ದರು. ಅಲ್ಲಿನ ಸ್ತಂಭದ ಮೇಲೆ ಸತ್ತವರೆಂದು ಕೆತ್ತಿದ 49 ಹೆಸರುಗಳಲ್ಲಿ 22 ಹೆಸರು ಮಹಾರರವು, 'ನಾಕ' ಎಂದು ಕೊನೆಯಾಗುವ ಹೆಸರುಗಳು. ಊರೊಳಗೆ ಹೆಸರು ಹಿಡಿದು ಕರೆಸಿಕೊಳ್ಳದವರ ಹೆಸರನ್ನು ಕಲ್ಲಿನ ಮೇಲೆ ಪೂರ್ತಿಯಾಗಿ ಬರೆದದ್ದು ಅದು. 1927ರ ಜನವರಿ 1ರಂದು ಬಾಬಾಸಾಹೇಬರು ಅಲ್ಲಿಗೆ ಹೋಗಿ ನಿಂತದ್ದು ಕಂಪನಿ ಸರಕಾರದ ಭಜನೆ ಮಾಡಲಿಕ್ಕಲ್ಲ. ಆ ಹೆಸರುಗಳನ್ನು ಓದಲಿಕ್ಕೆ.

ಸೈನ್ಯ ಕೊಟ್ಟದ್ದು ಕೋಟೊಂದೇ ಅಲ್ಲ. ಪಲ್ಟಣದಲ್ಲಿ ಶಾಲೆ ಇತ್ತು. ಸಿಪಾಯಿಯ ಮಕ್ಕಳು ಅಕ್ಷರ ಕಲಿಯಬೇಕಿತ್ತು. ಬಾಬಾಸಾಹೇಬರ ತಂದೆ ರಾಮಜಿ ಸುಬೇದಾರರು ಸೈನ್ಯದ ಶಾಲೆಯಲ್ಲಿ ಹೆಡ್‌ಮಾಸ್ತರರಾಗಿದ್ದರು. 1891ರ ಏಪ್ರಿಲ್ 14ರಂದು ಭೀಮರಾಯ ಹುಟ್ಟಿದ ಮಹೂ ಒಂದು ದಂಡಿನ ಊರು. ಹಳ್ಳಿಯ ಶಾಲೆಯ ಮಾಸ್ತರರು ಈ ಮಾತನ್ನು ಮಕ್ಕಳಿಗೆ ಬಿಡಿಸಿ ಹೇಳಬೇಕು. ಊರಿನ ಶಾಲೆ ನಮ್ಮನ್ನು ಹೊರಗೆ ಕೂರಿಸಿದ್ದಾಗ ಅಕ್ಷರ ಸಿಕ್ಕದ್ದು ಬಂದೂಕಿನ ಪಕ್ಕದಲ್ಲಿ.

ಆ ಹುಡುಗ ಹುಟ್ಟಿ ಎರಡು ವರ್ಷ ಆಗುವುದರೊಳಗೆ, 1892-93ರ ಹೊತ್ತಿಗೆ, ಮಹಾರರ ಭರ್ತಿ ನಿಂತಿತು. ನೆಪ ಬಹಳ. ಮುಖ್ಯವಾದದ್ದು ಒಂದೇ. ಹೊಸದಾಗಿ ಬರುವ ಮೇಲ್ಜಾತಿಯ ಸಿಪಾಯಿ ಮಹಾರ ಸುಬೇದಾರನಿಗೆ ಸಲಾಮು ಹೊಡೆಯಬೇಕಾಗುತ್ತದೆ! ಸಾಮ್ರಾಜ್ಯ ನಡುಗಲಿಕ್ಕೆ ಇಷ್ಟು ಸಾಕಾಯಿತು. ತೋಪಿಗೆ ಹೆದರದವರು ಒಂದು ಸಲಾಮಿಗೆ ಹೆದರಿದರು.

ಆಮೇಲೆ ಅರ್ಜಿಗಳ ಕಾಲ. ಸೈನ್ಯದಿಂದ ನಿವೃತ್ತರಾಗಿ ಬಂದಿದ್ದ ಗೋಪಾಳಬಾಬಾ ವಲಂಗಕರ 1894ರಲ್ಲಿ ಒಂದು ಮನವಿ ಬರೆದರು. ನಾವೂ ಹಿಂದೆ ಕ್ಷತ್ರಿಯರೇ, ಬರಗಾಲದಲ್ಲಿ ಸಿಕ್ಕಿದ್ದನ್ನು ತಿಂದು ಬದುಕಿದ್ದಕ್ಕೆ ಕೆಳಗೆ ಬಿದ್ದೆವು, ನಮ್ಮನ್ನು ಮತ್ತೆ ಸೈನ್ಯಕ್ಕೆ ತೆಗೆದುಕೊಳ್ಳಿ ಎಂಬುದು ಅದರ ತಾತ್ಪರ್ಯ. ಇದನ್ನು ಓದುವಾಗ ನಮಗೆ ಹೊಟ್ಟೆಯೊಳಗೆ ಕಲಕಿದಂತಾಗುತ್ತದೆ. ಗುಂಡೇಟು ತಿಂದವರು ಗುಂಡೇಟಿನ ಗಾಯ ತೋರಿಸಿದರೆ ಸಾಲದೇ? ಹಳೆಯ ಕ್ಷತ್ರಿಯತ್ವದ ಸರ್ಟಿಫಿಕೇಟು ಬೇರೆ ತರಬೇಕೆ? ಆದರೆ ವಲಂಗಕರರನ್ನು ನಾವು ಇಂದು ಕುಳಿತು ಟೀಕಿಸುವುದು ಸುಲಭ. ಬಾಗಿಲು ಮುಚ್ಚಿದವನಿಗೆ ತಿಳಿಯುವ ಭಾಷೆಯಲ್ಲೇ ಬಾಗಿಲು ತಟ್ಟಬೇಕಾದ ಕಾಲ ಅದು. 1910ರಲ್ಲಿ ಶಿವರಾಮ ಜಾನಬಾ ಕಾಂಬಳೆಯವರು ಇಂಗ್ಲೆಂಡಿನ ಸರಕಾರಕ್ಕೇ ಅರ್ಜಿ ಬರೆದರು. ಉತ್ತರ ಬಂದದ್ದು ಅರ್ಜಿಗೆ ಮರುಗಿ ಅಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಹೆಣಗಳ ರಾಶಿ ಬೆಳೆದು ಆಳು ಸಾಲದಾದಾಗ, 1917ರಲ್ಲಿ, 111ನೇ ಮಹಾರ್ ಪಲ್ಟಣ ಕಟ್ಟಿದರು. ಯುದ್ಧ ಮುಗಿಯಿತು, 1921ರಲ್ಲಿ ಬರಖಾಸ್ತು. ಸುಗ್ಗಿಗೆ ಕರೆದು ಸುಗ್ಗಿ ಮುಗಿದ ಮೇಲೆ ಕಣದಿಂದ ಅಟ್ಟುವುದು ನಮ್ಮ ಗೌಡರಿಗೆ ಮಾತ್ರ ಗೊತ್ತಿರುವ ವಿದ್ಯೆಯಲ್ಲ.

ಮತ್ತೆ ಯುದ್ಧ ಬಂತು. 1941ರಲ್ಲಿ ಬಾಬಾಸಾಹೇಬರು ವೈಸರಾಯರ ರಕ್ಷಣಾ ಸಲಹಾ ಸಮಿತಿಯಲ್ಲಿದ್ದರು. ಮಹಾರರದೇ ಪಲ್ಟಣ ಆಗಬೇಕೆಂದು ಪಟ್ಟು ಹಿಡಿದರು. ಅದೇ ವರ್ಷ ಅಕ್ಟೋಬರ್ 1ರಂದು ಮಹಾರ್ ರೆಜಿಮೆಂಟಿನ ಮೊದಲನೆಯ ದಳ ಹುಟ್ಟಿತು. ಎಲ್ಲಿ? ನಮ್ಮ ಬೆಳಗಾವಿಯಲ್ಲಿ. ಕನ್ನಡ ಶಾಲೆಯ ಯಾವ ಪಠ್ಯದಲ್ಲೂ ನಾವು ಇದನ್ನು ಓದಲಿಲ್ಲ. ಬೆಳಗಾವಿ ಎಂದರೆ ಕಾಂಗ್ರೆಸ್ ಅಧಿವೇಶನ, ಬೆಳಗಾವಿ ಎಂದರೆ ಗಡಿ ತಂಟೆ, ಬೆಳಗಾವಿ ಎಂದರೆ ಕುಂದಾ. ಅರ್ಧ ಶತಮಾನ ಬಾಗಿಲ ಹೊರಗೆ ನಿಂತವರು ಮತ್ತೆ ಖಾಕಿ ತೊಟ್ಟ ಊರು ಎಂದು ಯಾರೂ ಹೇಳಲಿಲ್ಲ. ಆ ಪಲ್ಟಣದ ಮೊದಲ ಬಿಲ್ಲೆಯ ಮೇಲೆ ಕೋರೆಗಾಂವದ ಸ್ತಂಭ ಇತ್ತು, 'ಮಹಾರ್' ಎಂಬ ಅಕ್ಷರ ಇತ್ತು. ಊರಲ್ಲಿ ಬೈಗುಳವಾಗಿದ್ದ ಶಬ್ದ ಹಣೆಯ ಮೇಲೆ ಹೊಳೆಯಿತು. 1943ರಲ್ಲಿ ಚಮಾರ್ ರೆಜಿಮೆಂಟ್ ಎಂಬುದನ್ನೂ ಕಟ್ಟಿದರು. 1946ರಲ್ಲಿ ಅದನ್ನು ಮುರಿದರು. ಮತ್ತೆ ಅದೇ ಸುಗ್ಗಿ, ಅದೇ ಕಣ. ಮಹಾರ್ ರೆಜಿಮೆಂಟ್ ಉಳಿಯಿತು. 1946ರಲ್ಲಿ ಅದು ಮೆಶಿನ್‌ಗನ್ ರೆಜಿಮೆಂಟಾದಾಗ ಬಿಲ್ಲೆಯ ಮೇಲೆ ಎರಡು ಮೆಶಿನ್‌ಗನ್ನು ಬಂದವು. ಮುಂದೆ ಸ್ತಂಭ ಹೋಗಿ ಅದರ ಜಾಗದಲ್ಲಿ ಕಠಾರಿ ಬಂತು. ಈಗ ಆ ರೆಜಿಮೆಂಟಿನಲ್ಲಿ ಎಲ್ಲ ಜಾತಿಯವರೂ ಇದ್ದಾರೆ. ಅದು ಒಳ್ಳೆಯದೇ. ಸ್ತಂಭವಿದ್ದ ಹಳೆಯ ಬಿಲ್ಲೆ ಈಗ ಹಳೆಯ ಸಾಮಾನು ಕೂಡಿಸುವವರ ಸೊತ್ತು.

ಗೆಳೆಯರಲ್ಲಿ ಕೆಲವರು ನಮ್ಮನ್ನು ಕೇಳಿದ್ದುಂಟು. ಪರದೇಶಿ ಸರಕಾರದ ಕೂಲಿ ಕೋಟಿಗೆ ಇಷ್ಟೊಂದು ಮರುಕವೇಕೆ? ಈ ಖಾಕಿಯೇ ಅಲ್ಲವೇ ಬಡವರ ಮೇಲೆ ಗುಂಡು ಹಾರಿಸಿದ್ದು? ಹೌದು. 1919ರ ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗಿನಲ್ಲಿ ಡಯರ್ ಹುಕುಂ ಕೊಟ್ಟ, ಕುದುರೆ ಎಳೆದ ಬೆರಳುಗಳು ಹಿಂದೂಸ್ತಾನಿ ಸೈನ್ಯದ ಸಿಪಾಯಿಗಳವೇ. ನಾವು ಈ ಕೋಟಿಗೆ ಆರತಿ ಎತ್ತುತ್ತಿಲ್ಲ. ಆದರೆ ಬಟ್ಟೆಯನ್ನೇ ನಿಷೇಧಿಸಿಕೊಂಡ ಜನರಿಗೆ ಕೋಟು ಅಂದರೆ ಏನು ಎಂಬುದು ಬಟ್ಟೆ ತುಂಬಿದ ಪೆಟ್ಟಿಗೆ ಇದ್ದವರಿಗೆ ಅಷ್ಟು ಬೇಗ ತಿಳಿಯುವುದಿಲ್ಲ.

ಇಂದೂರ ಸೀಮೆಯ ಬಲಾಯಿ ಎಂಬ ಅಸ್ಪೃಶ್ಯರ ಮೇಲೆ ಅಲ್ಲಿನ ಮೇಲ್ಜಾತಿಯ ಹಿಂದೂಗಳು ಹೇರಿದ ಕಟ್ಟಳೆಗಳನ್ನು ಬಾಬಾಸಾಹೇಬರು 'ಜಾತಿ ವಿನಾಶ'ದಲ್ಲಿ ದಾಖಲಿಸಿದ್ದಾರೆ. 1928ರ ಮಾತು. ಜರಿಯಂಚಿನ ರುಮಾಲು ಸುತ್ತಬಾರದು, ಬಣ್ಣದ ಅಂಚಿನ ಧೋತರ ಉಡಬಾರದು, ಹೆಂಗಸರು ಬೆಳ್ಳಿ-ಬಂಗಾರ ಇಡಬಾರದು, ಚೆಂದದ ಕುಪ್ಪಸ ತೊಡಬಾರದು, ಹಿಂದೂಗಳ ಮನೆಯಲ್ಲಿ ಸತ್ತರೆ ದೂರದ ನೆಂಟರಿಗೂ ಸುದ್ದಿ ಮುಟ್ಟಿಸಬೇಕು. ಒಪ್ಪದವರಿಗೆ ಬಾವಿ ಬಂದು, ದನ ಮೇಯಿಸುವುದು ಬಂದು. ರಾಮಜಿ ಸುಬೇದಾರರು ಠೀವಿಯಿಂದ ನಡೆದಾಡಿದ ಮಹೂ ಇದೇ ಇಂದೂರಿನ ಮಗ್ಗುಲಲ್ಲಿದೆ. ದಂಡಿನ ಗೇಟಿನ ಒಳಗೆ ಹಿತ್ತಾಳೆ ಗುಂಡಿಯ ಕೋಟು. ಗೇಟಿನ ಹೊರಗಿನ ಹಳ್ಳಿಗಳಲ್ಲಿ ಧೋತರದ ಅಂಚಿಗೂ ಸಂಚಕಾರ.

ಸುಬೇದಾರರ ಮಕ್ಕಳಿಗೆ ಆದದ್ದು ಇನ್ನೂ ಹತ್ತಿರದ ಕತೆ. 1901ರ ಸುಮಾರಿಗೆ ರಾಮಜಿಯವರು ಸಾತಾರಾ ಜಿಲ್ಲೆಯ ಗೋರೆಗಾಂವದಲ್ಲಿ ಖಜಾಂಚಿಯಾಗಿದ್ದರು. ರಜೆಗೆ ಬನ್ನಿರೆಂದು ಮಕ್ಕಳನ್ನು ಕರೆಸಿದರು. ಪ್ರಯಾಣಕ್ಕೆಂದೇ ಹೊಸ ಬಟ್ಟೆ ಹೊಲಿಸಿದ್ದರು. ಇಂಗ್ಲಿಷ್ ಮಾದರಿಯ ಅಂಗಿ, ಹೊಳೆಯುವ ಟೊಪ್ಪಿಗೆ, ರೇಶ್ಮೆಯಂಚಿನ ಧೋತರ, ಹೊಸ ಬೂಟು. ಭೀಮರಾಯ, ಅವರಣ್ಣ, ಅಕ್ಕನ ಮಕ್ಕಳು ಮಸೂರ ಸ್ಟೇಶನ್ನಿನಲ್ಲಿ ಇಳಿದರು. ಕರೆದೊಯ್ಯಲು ಯಾರೂ ಬಂದಿರಲಿಲ್ಲ. ಸ್ಟೇಶನ್ ಮಾಸ್ತರ ಬಟ್ಟೆ ನೋಡಿ ಬ್ರಾಹ್ಮಣರ ಮಕ್ಕಳೆಂದುಕೊಂಡು ಪ್ರೀತಿಯಿಂದಲೇ ವಿಚಾರಿಸಿದ. ಯಾರ ಮಕ್ಕಳು? ಮಹಾರರು ಎಂದು ಹುಡುಗ ಹೇಳಿಬಿಟ್ಟ. ಅವನ ಮುಖ ಬದಲಾಯಿತು. ಗಾಡಿಯವರು ಎರಡು ಪಟ್ಟು ಬಾಡಿಗೆ ಕೊಟ್ಟರೂ ಅವರನ್ನು ಕೂರಿಸಿಕೊಂಡು ಹೊಡೆಯಲು ಒಲ್ಲೆಂದರು. ಕೊನೆಗೆ ಮಕ್ಕಳೇ ಗಾಡಿ ಹೊಡೆಯುವುದೆಂದಾಯಿತು. ಬುತ್ತಿ ಇತ್ತು, ಆದರೆ ರಾತ್ರಿಯಿಡೀ ಒಂದು ಗುಟುಕು ನೀರು ಸಿಗಲಿಲ್ಲ. ಬಾಬಾಸಾಹೇಬರು ಇದನ್ನು ದೊಡ್ಡವರಾದ ಮೇಲೆ ಬರೆದಿಟ್ಟರು, ಒಂದೊಂದು ಉಡುಪನ್ನೂ ಹೆಸರಿಸಿ ಬರೆದರು. ಆ ಬಟ್ಟೆಯನ್ನು ಅವರು ಮರೆತಿರಲಿಲ್ಲ. 1927ರ ಡಿಸೆಂಬರಿನಲ್ಲಿ ಮಹಾಡದಲ್ಲಿ ಹೆಣ್ಣುಮಕ್ಕಳ ಮುಂದೆ ನಿಂತಾಗ ಅವರು ಸೀರೆಯ ಮಾತೆತ್ತಿದರು. ಉಡುವ ರೀತಿಯಿಂದ ಯಾರೂ ನಿಮ್ಮ ಜಾತಿ ಹಿಡಿಯದಂತೆ ಉಡಿ ಎಂಬುದು ಅವರ ಮಾತಿನ ಸಾರ. ಮೂವತ್ತಾರು ವರ್ಷದ ಬ್ಯಾರಿಸ್ಟರರೊಳಗೆ ಮಸೂರ ಸ್ಟೇಶನ್ನಿನ ಹುಡುಗ ಇನ್ನೂ ನಿಂತಿದ್ದ ಎಂದೇ ನಮಗೆ ಅನಿಸುತ್ತದೆ.

ಈಗ ನಮ್ಮ ಮನೆಯ ಮಾತು. ನಮ್ಮ ಆಯಿಯ ಅಪ್ಪ ಬೆಳಗಾವಿಯಲ್ಲಿ ಭರ್ತಿಯಾದವನು. ಯುದ್ಧ ಮುಗಿದು ಅವನು ಊರಿಗೆ ಬಂದಾಗ ಆಯಿ ಇನ್ನೂ ಲಂಗ ತೊಡುವ ಹುಡುಗಿ. ಅಪ್ಪ ಬಂದ ದಿನದ್ದು ಅವಳಿಗೆ ಒಂದೇ ನೆನಪು.

'ಅಪ್ಪಾ ಅಗಸಿ ಮುಂದ ಬಂದು ನಿಂತಾ. ಕೋಟ್ ಬಿಚ್ಚಿದಾ, ಬೂಟ್ ಬಿಚ್ಚಿದಾ, ಟೊಪಗಿ ತಗದಾ. ಎಲ್ಲಾ ಗಂಟ ಕಟ್ಟಿ ತಲಿಮ್ಯಾಲ ಹೊತಗೊಂಡು ಬರಿ ಮೈಲೆ ಕೇರಿಗೆ ಬಂದಾ.'

'ಯಾಕ ಆಯಿ? ಯಾರರ ಬಿಚ್ಚಂದ್ರೇನು?'

'ಯಾರ ಅನಬೇಕೋ? ಊರ ಅದು.'

ಯಾರೂ ಹೇಳಲಿಲ್ಲ. ಹೇಳುವ ಅಗತ್ಯ ಇರಲಿಲ್ಲ. ಬಂದೂಕು ಹಿಡಿದಿದ್ದ ಕೈಗೆ ಊರು ಮತ್ತೆ ಹಳೆಯ ಕೋಲು ಕೊಟ್ಟಿತು. ಸತ್ತವರ ಸುದ್ದಿ ಹೊತ್ತು ಊರೂರು ತಿರುಗುವುದು, ಸತ್ತ ದನ ಎಳೆಯುವುದು, ಗೌಡರ ಚಾವಡಿಯ ಕರೆಗೆ ಓಡುವುದು. ಆಗ ಬೆಳಗಾವಿ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಮಹಾರ ವತನ ಎಂಬ ಈ ಬಿಟ್ಟಿ ಚಾಕರಿಯ ಉರುಳು ಸಡಿಲಿಸಲು ಬಾಬಾಸಾಹೇಬರು 1928ರಲ್ಲೇ ಮುಂಬಯಿ ಶಾಸನಸಭೆಯಲ್ಲಿ ಮಸೂದೆ ತಂದಿದ್ದರು. ಆದರೂ ಯುದ್ಧದಿಂದ ಮರಳಿ ಬಂದವನ ಕೊರಳಿಗೆ ಅದು ಇನ್ನೂ ಬಿಗಿದೇ ಇತ್ತು. ಬ್ರಿಟಿಷ್ ಸಾಮ್ರಾಜ್ಯದ ಸಿಪಾಯಿ ರೈಲಿನಿಂದ ಇಳಿದು ಅಗಸಿ ದಾಟುವುದರೊಳಗೆ ಊರ ಆಳಾದ.

ಕೋಟನ್ನು ಅವನು ರಾತ್ರಿ ಗುಡಿಸಲೊಳಗೆ ಹಾಕಿಕೊಂಡು ಕೂರುತ್ತಿದ್ದನಂತೆ. ಚಿಮಣಿ ಬುಡ್ಡಿಯ ಬೆಳಕಿನಲ್ಲಿ ಗುಂಡಿ ಒರೆಸುತ್ತಿದ್ದನಂತೆ. ಹೊರಗೆ ಹೋಗುವಾಗ ಹರಕು ಅಂಗಿ. ಒಮ್ಮೆ ಮಾತ್ರ ಬೆಳಗಾವಿಗೆ ಸಭೆಗೆಂದು ಹೋಗುವಾಗ ಕೋಟನ್ನು ಚೀಲದಲ್ಲಿಟ್ಟುಕೊಂಡು ಹೋಗಿ, ಊರ ಗಡಿ ದಾಟಿದ ಮೇಲೆ ಹಾಕಿಕೊಂಡ. ಅವನು ಸತ್ತ ಮೇಲೆ ಮಣ್ಣಿನಲ್ಲಿ ಹಾಕೋಣವೆಂದರೆ ಮುತ್ತಜ್ಜಿ ಬಿಡಲಿಲ್ಲ. ಗಟ್ಟಿ ಬಟ್ಟೆ, ಮಣ್ಣುಪಾಲು ಮಾಡುವುದು ಯಾವ ನ್ಯಾಯ ಅಂದಳು. ಕತ್ತರಿಸಿ ಕೌದಿಗೆ ಹಚ್ಚಿದಳು. ಕೆಂಪು ಸೀರೆಯ ತುಂಡು, ಹಸಿರು ಕುಪ್ಪಸದ ತುಂಡು, ನಡುವೆ ಖಾಕಿ. ಒಂದು ಜೇಬು ಬಿಚ್ಚಲು ಬೇಸರವಾಗಿ ಹಾಗೇ ಹೊಲಿದಿದ್ದಾಳೆ. ನಾವು ಸಣ್ಣವರಿದ್ದಾಗ ಆ ಜೇಬಿನಲ್ಲಿ ಹುಣಸೆ ಬೀಜ ಮುಚ್ಚಿಡುತ್ತಿದ್ದೆವು.

ಬಿಲ್ಲೆಯನ್ನು ಆಯಿಯ ಅಣ್ಣ ಗುಜರಿಯವನಿಗೆ ಕೊಟ್ಟು ಬೆಲ್ಲ ತಿಂದ. 'ಕಂಬ ಇತ್ತು ಅದರ ಮ್ಯಾಲ' ಎನ್ನುತ್ತಾಳೆ ಆಯಿ. ಯಾವ ಕಂಬ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಕೋರೆಗಾಂವದ ಕತೆಯನ್ನು ನಾವು ಕಾಲೇಜಿಗೆ ಹೋದ ಮೇಲೆ ಓದಿ ಅವಳಿಗೆ ಹೇಳಿದೆವು. ಕೇಳಿ ಸುಮ್ಮನಾದಳು. ಬಹಳ ಹೊತ್ತಾದ ಮೇಲೆ, 'ಬೆಲ್ಲಕ್ಕ ಕೊಟ್ವಲ್ಲೋ' ಅಂದಳು.

ಮ್ಯೂಸಿಯಮ್ಮಿನ ಆಫೀಸಿಗೆ ಹೋಗಿ ನಾವು ಈ ಕೌದಿಯ ಮಾತು ತೆಗೆದೆವು. ಆ ಕಪಾಟಿನಲ್ಲಿ ಜಾಗ ಇದೆ, ಹೆಸರಿಲ್ಲದ ಕೋಟಿನ ಪಕ್ಕದಲ್ಲಿ ಹೆಸರಿರುವ ಕೋಟಿನ ತುಂಡುಗಳನ್ನು ಇಡಬಹುದಲ್ಲ ಎಂದೆವು. ಅಲ್ಲಿದ್ದವರು ಕೆಟ್ಟವರೇನಲ್ಲ, ಕುರ್ಚಿ ಕೊಟ್ಟರು, ಚಹಾ ತರಿಸಿದರು. ಆಮೇಲೆ ಕೇಳಿದರು, ಡಿಸ್ಚಾರ್ಜ್ ಪುಸ್ತಕ ಇದೆಯೇ? ಪಲ್ಟಣದ ನಂಬರು? ಫೋಟೋ? ಗೆದ್ದಲು ತಿಂದ ಕಾಗದಕ್ಕೆ ನಕಲು ಎಲ್ಲಿಂದ ತರುವುದು? ಕಪಾಟಿನ ಕೋಟಿಗೆ ಯಾವ ದಾಖಲೆ ಇದೆ ಸ್ವಾಮಿ ಎಂದು ಕೇಳಿದ್ದಕ್ಕೆ ಅವರು ರಿಜಿಸ್ಟರು ತೆಗೆದು ನೋಡಿದರು. ದಾನ ಎಂದಿತ್ತು. ಕೊಟ್ಟವರ ಕಾಲಂ ಖಾಲಿ. ಅವರೂ ಸ್ವಲ್ಪ ನಾಚಿದರು. ತನ್ನಿ ನೋಡೋಣ, ಮೇಲಿನವರಿಗೆ ಬರೆಯುತ್ತೇವೆ ಅಂದರು.

ಊರಿಗೆ ಬಂದು ಆಯಿಗೆ ಹೇಳಿದೆವು. ಕೌದಿಯನ್ನು ಗಾಜಿನೊಳಗೆ ಇಡುತ್ತಾರಂತೆ, ನಿನ್ನ ಅಪ್ಪನ ಹೆಸರು ಬರೆಯುತ್ತಾರಂತೆ, ಶಾಲೆಯ ಮಕ್ಕಳು ಬಂದು ಓದುತ್ತಾರಂತೆ. ಅವಳು ಕೌದಿಯ ಖಾಕಿ ತುಂಡನ್ನು ಬೆರಳಿನಿಂದ ತಿಕ್ಕಿ ನೋಡಿದಳು. ಜೇಬಿನೊಳಗೆ ಕೈ ಹಾಕಿದಳು.

'ಹೆಸರ ಮದಲ ಬರೀಲಿ' ಅಂದಳು. 'ಚಳಿಗಾಲ ಮುಗೀಲಿ, ಆಮ್ಯಾಲ ಕೊಡೂಣು.'